ಮದ್ದಿದೆ, ಮನೆಬಾಗಿಲಿಗೆ ಬಂದಿಲ್ಲ

ನಮ್ಮ ಕಡೆಯಿಂದ ಶಿರಡಿಗೆ ಹೊರಡುವ ಬಸ್ಸುಗಳು ಸಾಮಾನ್ಯವಾಗಿ ತ್ರ್ಯಂಬಕೇಶ್ವರಕ್ಕೂ ಹೋಗಿ, ವೇರೂಳಿನ ಘೃಷ್ಣೇಶ್ವರನಿಗೆ ಕೈಮುಗಿಸಿ, ರಾಷ್ಟ್ರಕೂಟರ ಕೈಲಾಸ ದೇವಾಲಯ ತೋರಿಸಿಕೊಂಡು ಮರಳುತ್ತವೆ. ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ‘ಕನ್ನಡ’ ಎನ್ನುವ ಹೆಸರಿನದೇ ಒಂದು ತಾಲೂಕಿದೆ ಎಂದು ಗೊತ್ತಾದಾಗ ಬಸ್ಸಿನಲ್ಲಿದ್ದವರಿಗೆಲ್ಲ ಏನೋ ಹಿಗ್ಗು. ನನಗೂ ಆ ಹಿಗ್ಗು ಇತ್ತು. ಆದರೆ ಆ ಸೀಮೆಯನ್ನು ನಾನು ಬೇರೆ ಕಣ್ಣಿನಿಂದ ನೋಡತೊಡಗಿದ್ದು ದೊಡ್ಡವ್ವ ತೀರಿಕೊಂಡ ಮೇಲೆ.

ದೊಡ್ಡವ್ವ ನಿಪ್ಪಾಣಿ ಕಡೆಯವಳು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವಳು. ಬೆಳಗಾದರೆ ಹಲ್ಲಿಗೆ ಮಿಶ್ರಿ, ಅಂದರೆ ಹುರಿದು ಪುಡಿ ಮಾಡಿದ ತಂಬಾಕು. ಕೆನ್ನೆಯೊಳಗೆ ಹುಣ್ಣಾಯಿತು, ಹುಣ್ಣು ಗಂಟಾಯಿತು, ಗಂಟು ಹೊರಗೆ ಒಡೆಯಿತು. ದೊಡ್ಡ ಆಸ್ಪತ್ರೆಯೊಂದರಲ್ಲಿ ಫೈಲು ಮುಚ್ಚಿ ಹೇಳಿದ ಮಾತು ಇಷ್ಟೇ: “ಇನ್ನೇನೂ ಮಾಡೂವಂಗಿಲ್ಲ. ಮನಿಗೆ ಕರಕೊಂಡ ಹೋಗ್ರಿ.” ಆ ಮಾತಿನ ನಂತರ ಅವಳು ನಾಲ್ಕು ತಿಂಗಳು ಬದುಕಿದ್ದಳು. ಅವಳ ಮಗ, ನನ್ನ ಅಣ್ಣ, ನಾಸಿಕ್‌ನ ಸಾತಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವ್ವನಿಗಾದದ್ದು ಅಲ್ಲಿಯ ಆದಿವಾಸಿ ಕೂಲಿಯವರ ಮನೆಗಳಲ್ಲೂ ಆಗುತ್ತಿರುವುದನ್ನು ಅವನೇ ನನಗೆ ಮೊದಲು ಹೇಳಿದ್ದು. ಅಂದಿನಿಂದ ಉಪಶಾಮಕ ಆರೈಕೆ ಎನ್ನುವ ವಿಷಯದ ಬೆನ್ನುಹತ್ತಿದ್ದೇನೆ. ವಾಸಿಯಾಗದ ಕಾಯಿಲೆಯ ನೋವು, ಉಸಿರುಕಟ್ಟು, ವಾಂತಿ, ಗಾಯ, ಭಯ ಇವುಗಳನ್ನು ಇಳಿಸುವ ವೈದ್ಯಕೀಯ ಆರೈಕೆ ಅದು. ಅದರ ಬಗ್ಗೆ ಕೇಳಿಬಂದ ತಪ್ಪು ಮಾತುಗಳು ಒಂದೆರಡಲ್ಲ. ಕೆಲವನ್ನು ನಾನೂ ನಂಬಿದ್ದೆ.

ತಪ್ಪು ಕಲ್ಪನೆ: ಇದು ಸಾಯುವ ಮುನ್ನಿನ ನಾಲ್ಕು ದಿನದ ಉಪಚಾರ.

ವಾಸ್ತವ: ಕಾಯಿಲೆ ಗೊತ್ತಾದ ದಿನದಿಂದಲೇ, ಬೇರೆ ಚಿಕಿತ್ಸೆಯ ಜೊತೆಜೊತೆಗೇ ಇದು ನಡೆಯಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಉಲ್ಬಣಗೊಂಡಿದ್ದ 151 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಮೊದಲಿನಿಂದಲೇ ಉಪಶಾಮಕ ಆರೈಕೆಯೂ ಸಿಕ್ಕಿತು. ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ಆ ಗುಂಪಿನವರ ಮನಸ್ಸಿಗೆ ನೆಮ್ಮದಿ ಹೆಚ್ಚಿತ್ತು. ಜೊತೆಗೆ ಅವರು ಉಳಿದವರಿಗಿಂತ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿದರು. ನೋವು ತಗ್ಗಿದರೆ ಮನುಷ್ಯ ಉಣ್ಣುತ್ತಾನೆ, ನಿದ್ದೆ ಮಾಡುತ್ತಾನೆ, ಚಿಕಿತ್ಸೆಯನ್ನೂ ತಡೆದುಕೊಳ್ಳುತ್ತಾನೆ.

ತಪ್ಪು ಕಲ್ಪನೆ: ಇದು ಕ್ಯಾನ್ಸರ್‌ನವರಿಗೆ ಮಾತ್ರ.

ವಾಸ್ತವ: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಈ ಆರೈಕೆ ಬೇಕಾದ ವಯಸ್ಕರಲ್ಲಿ ಕ್ಯಾನ್ಸರ್ ರೋಗಿಗಳು ಮೂರನೇ ಒಂದು ಪಾಲು ಮಾತ್ರ. ಹೃದಯ ಮತ್ತು ರಕ್ತನಾಳದ ಕಾಯಿಲೆಯವರು ಅದಕ್ಕಿಂತ ಹೆಚ್ಚಿದ್ದಾರೆ. ಪಾರ್ಶ್ವವಾಯು ಹೊಡೆದು ಮಲಗಿದವರು, ಮೂತ್ರಪಿಂಡ ಸೋತವರು, ದಮ್ಮಿನವರು, ಮದ್ದಿಗೆ ಬಗ್ಗದ ಕ್ಷಯದವರು, ಎಚ್‌ಐವಿ ಇರುವವರು, ಮರೆವಿನ ಕಾಯಿಲೆಯ ಮುದುಕರು, ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿಲ್ಲದ ಮಕ್ಕಳೂ ಇದ್ದಾರೆ. ಕಾಸರಗೋಡಿನ ಕನ್ನಡದ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಗೇರುತೋಟಗಳ ಮೇಲೆ ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಅಲ್ಲಿಯ ಮನೆಗಳಲ್ಲಿ ಮೂವತ್ತು ವರ್ಷದ ಮಗನನ್ನು ಎತ್ತಿ ಕೂರಿಸುವ ಅರವತ್ತರ ತಾಯಂದಿರಿದ್ದಾರೆ. ಆ ತಾಯಿಗೆ ಬೇಕಾದ ಆಸರೆಗೂ ಇದೇ ಹೆಸರು. 2022ರಲ್ಲಿ ಸುಪ್ರೀಂ ಕೋರ್ಟು ಆ ಸಂತ್ರಸ್ತರ ಪರಿಹಾರದ ಜೊತೆಗೆ ಅವರ ಉಪಶಾಮಕ ಆರೈಕೆಯ ಮಾತನ್ನೂ ಎತ್ತಿತು.

ತಪ್ಪು ಕಲ್ಪನೆ: ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಉಚಿತ. ಬಡವನಿಗೆ ಅಡ್ಡಿ ಏನಿದೆ?

ವಾಸ್ತವ: ಅತಿ ಹೆಚ್ಚು ಕೇಳಿದ ಮಾತು ಇದು. ಇದನ್ನೇ ನಿಧಾನವಾಗಿ ಬಿಡಿಸಬೇಕು.

ಸಂಭಾಜಿನಗರದಲ್ಲಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 2012ರಲ್ಲಿ. ಜನ ‘ಘಾಟಿ’ ಎಂದು ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ್ದು ಅದು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ಮಾರ್ಗದರ್ಶನವೂ ಅದಕ್ಕಿತ್ತು, ಮುಂದೆ ರಾಜ್ಯ ಕ್ಯಾನ್ಸರ್ ಸಂಸ್ಥೆ ಎನ್ನುವ ಸ್ಥಾನವೂ ದೊರಕಿತು. ಅದಕ್ಕೆ ಮೊದಲು ಮರಾಠವಾಡದ ಎಂಟು ಜಿಲ್ಲೆಗಳ ಬಡ ರೋಗಿ ಸಾಮಾನ್ಯವಾಗಿ ಮುಂಬೈಗೆ ಹೋಗಬೇಕಿತ್ತು. ಟಾಟಾ ಆಸ್ಪತ್ರೆಯಿರುವ ಪರೇಲ್‌ನ ಫುಟ್‌ಪಾತಿನಲ್ಲಿ ಚಾಪೆ ಹಾಸಿ ಮಲಗಬೇಕಿತ್ತು, ಅದೃಷ್ಟವಿದ್ದರೆ ದಾದರ್‌ನ ಗಾಡಗೆ ಮಹಾರಾಜರ ಧರ್ಮಶಾಲೆಯಲ್ಲಿ ಜಾಗ ಸಿಗುತ್ತಿತ್ತು. ಆ ಅಲೆದಾಟ ಈಗ ಬಹಳ ಮಟ್ಟಿಗೆ ತಪ್ಪಿದೆ. ಅದು ದೊಡ್ಡ ಕೆಲಸ, ಅದನ್ನು ಕಡೆಗಣಿಸಬಾರದು.

ಆದರೆ ಆಸ್ಪತ್ರೆಯ ಚೀಟಿ ಉಚಿತವಾದ ಮಾತ್ರಕ್ಕೆ ಅಲ್ಲಿಗೆ ಹೋಗುವುದು ಉಚಿತವಾಗುವುದಿಲ್ಲ. ನಾಸಿಕ್ ಜಿಲ್ಲೆಯ ಸುರಗಾಣಾ ತಾಲೂಕನ್ನೇ ನೋಡಿ. ಗುಜರಾತಿನ ಗಡಿಗೆ ತಾಗಿದ ಗುಡ್ಡಗಾಡು. ಅಲ್ಲಿಯೂ ಪಕ್ಕದ ಪೇಠ ತಾಲೂಕಿನಲ್ಲಿಯೂ ಹೆಚ್ಚುಕಡಿಮೆ ಎಲ್ಲರೂ ಆದಿವಾಸಿಗಳು: ಕೋಕಣಾ, ವಾರಲಿ, ಮಹಾದೇವ ಕೋಳಿ. ಸುರಗಾಣಾದಿಂದ ನಾಸಿಕ್ ನಗರ ಎಂಬತ್ತು ತೊಂಬತ್ತು ಕಿಲೋಮೀಟರು. ಇದು ತಾಲೂಕು ಕೇಂದ್ರದಿಂದ ಅಳೆದ ಲೆಕ್ಕ. ರೋಗಿ ಇರುವುದು ಪಾಡಾದಲ್ಲಿ, ಅಂದರೆ ಊರಿನಿಂದ ಎರಡು ಹಳ್ಳದಾಚೆ ಏಳೆಂಟು ಗುಡಿಸಲು ಇರುವ ಕಡೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಪ್ರಯಾಣ ಪೂರ್ತಿ ಉಚಿತ, ಜೊತೆಗಾರನಿಗೆ ನಾಲ್ಕರಲ್ಲಿ ಮೂರು ಪಾಲು ರಿಯಾಯಿತಿ. ಸುರಗಾಣಾಕ್ಕೆ ರೈಲೇ ಇಲ್ಲ. ಅದೇ ಜಿಲ್ಲೆಯ ಇಗತ್‌ಪುರಿಗೆ ರೈಲಿದೆ, ಆದರೆ ಅಲ್ಲಿ ಮಳೆಗಾಲದಲ್ಲಿ ಬೀಳುವ ಮಳೆ ನಮ್ಮ ಮಲೆನಾಡಿನದಕ್ಕೆ ಸಮ. ಹಳ್ಳ ತುಂಬಿದರೆ ಪಾಡಾ ದ್ವೀಪವಾಗುತ್ತದೆ.

ಒಬ್ಬ ರೋಗಿ ಒಂದು ಸಲ ಆಸ್ಪತ್ರೆಗೆ ಹೋಗಿಬರುವುದೆಂದರೆ ಮನೆಗೆ ಏನು ಬೀಳುತ್ತದೆ ಎಂದು ಲೆಕ್ಕ ಹಾಕಿ. ರೋಗಿಯ ಕೂಲಿ ಮೊದಲೇ ಹೋಗಿದೆ. ಜೊತೆಗೆ ಹೋಗುವವನ ಎರಡು ದಿನದ ಕೂಲಿಯೂ ಹೋಯಿತು. ಮುಖ್ಯರಸ್ತೆಯವರೆಗೆ ಜೀಪಿನ ಬಾಡಿಗೆ. ಪಟ್ಟಣದಲ್ಲಿ ಊಟ. “ನಾಳೆ ಬನ್ನಿ, ಡಾಕ್ಟರು ಇವತ್ತಿಲ್ಲ” ಎಂದರೆ ಒಂದು ರಾತ್ರಿ ವರಾಂಡದಲ್ಲಿ ವಾಸ. ಸುರಗಾಣಾ, ಪೇಠದ ಜನ ನಿಫಾಡ, ದಿಂಡೋರಿಯ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುವವರು. ಬಳ್ಳಿ ಸವರುವ ಹಂಗಾಮಿನಲ್ಲಿ ನಾಲ್ಕು ದಿನ ತಪ್ಪಿಸಿದರೆ ವರ್ಷದ ಗಳಿಕೆಯಲ್ಲೇ ತೂತು ಬೀಳುತ್ತದೆ. ಮೂರನೆಯ ಸಲ ರೋಗಿಯೇ “ಬ್ಯಾಡ, ಸಾಕು” ಎನ್ನುತ್ತಾನೆ. ಆಸ್ಪತ್ರೆಯ ದಾಖಲೆಯಲ್ಲಿ ಅವನು ‘ಚಿಕಿತ್ಸೆ ಅರ್ಧಕ್ಕೆ ಬಿಟ್ಟವನು’. ಬಿಟ್ಟದ್ದು ಯಾಕೆ ಎಂದು ಬರೆಯುವ ಕಾಲಂ ಆ ಕಾಗದದಲ್ಲಿಲ್ಲ.

ಆರೋಗ್ಯ ವಿಮೆಯ ಮಾತಿಗೆ ಬರೋಣ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ, ಕೇಂದ್ರದ ಆಯುಷ್ಮಾನ್ ಭಾರತ್ ಇದೆ. ಶಸ್ತ್ರಚಿಕಿತ್ಸೆ, ಕಿಮೋ, ವಿಕಿರಣ ಇವುಗಳಿಗೆ ಅವು ಆಸರೆ. ಆದರೆ ಅವುಗಳ ಕಟ್ಟುಪಾಡೆಲ್ಲ ಆಸ್ಪತ್ರೆಗೆ ದಾಖಲಾದ ರೋಗಿಯ ಸುತ್ತ. ಮನೆಯಲ್ಲಿ ಮಲಗಿದವನ ಗಾಯ ತೊಳೆಯಲು ಬರುವ ನರ್ಸಿನ ಬಸ್ ಚಾರ್ಜನ್ನು ಅವು ಕೊಡುವುದಿಲ್ಲ. ಕ್ಯಾನ್ಸರ್, ಕ್ಷಯ, ಪಾರ್ಶ್ವವಾಯು ಮುಂತಾದ ಕಾಯಿಲೆಯಿಂದ ದುಡಿಯಲಾಗದ ಬಡವರಿಗೆ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಿದೆ. 2023ರಲ್ಲಿ ಅದನ್ನು ತಿಂಗಳಿಗೆ 1500 ರೂಪಾಯಿಗೆ ಏರಿಸಿದರು. ಆದರೆ ಅದಕ್ಕೆ ಆದಾಯದ ದಾಖಲೆ, ವಾಸದ ದಾಖಲೆ, ವೈದ್ಯರ ಪ್ರಮಾಣಪತ್ರ, ಬ್ಯಾಂಕ್ ಖಾತೆ ಎಲ್ಲ ಬೇಕು. ತಹಸೀಲ್ದಾರ್ ಕಚೇರಿಗೆ ನಾಲ್ಕು ಸಲ ಅಲೆಯುವವರು ಯಾರು? ಮನೆಯಲ್ಲಿ ಓಡಾಡಬಲ್ಲವನು ಒಬ್ಬನೇ, ಅವನು ತೋಟದಲ್ಲಿದ್ದಾನೆ.

ತಪ್ಪು ಕಲ್ಪನೆ: ಹಳ್ಳಿಯವರು, ಆದಿವಾಸಿಗಳು ಗಟ್ಟಿ ಜನ. ನೋವು ತಡೆದುಕೊಳ್ಳುತ್ತಾರೆ.

ವಾಸ್ತವ: ಈ ಮಾತನ್ನು ಆಡುವವರಲ್ಲಿ ಒಳ್ಳೆಯ ಮನಸ್ಸಿನವರೂ ಇದ್ದಾರೆ, ಅದಕ್ಕೇ ಇದು ಹೆಚ್ಚು ಅಪಾಯದ್ದು. ನರಕ್ಕೆ ಜಾತಿಯಿಲ್ಲ. ಮೂಳೆಗೆ ಹಬ್ಬಿದ ಗೆಡ್ಡೆ ಮಹಾದೇವ ಕೋಳಿಗೂ ಮುಂಬೈನ ವ್ಯಾಪಾರಿಗೂ ಒಂದೇ ರೀತಿ ನೋಯುತ್ತದೆ. ಹೇಳಿಕೊಳ್ಳುವುದರಲ್ಲಿ ಮಾತ್ರ ವ್ಯತ್ಯಾಸ.

ಹೇಳಿಕೊಂಡರೆ ಏನಾದರೂ ಆದೀತು ಎಂಬ ಅನುಭವ ಇದ್ದವನು ಹೇಳಿಕೊಳ್ಳುತ್ತಾನೆ. ಬೈಸಿಕೊಂಡೇ ಅಭ್ಯಾಸವಾದವನು ಕೌಂಟರಿನ ಮುಂದೆ ಸುಮ್ಮನೆ ನಿಲ್ಲುತ್ತಾನೆ. ಭಾಷೆಯ ತೊಡಕು ಬೇರೆ. ಡಾಕ್ಟರು ಆಡುವುದು ಪುಸ್ತಕದ ಮರಾಠಿ. ಗುಡ್ಡದ ಹೆಂಗಸಿಗೆ ಬರುವುದು ಕೋಕಣಾ ನುಡಿ, ಸಟಾಣಾ ಕಡೆಯವಳಿಗೆ ಅಹಿರಾಣಿ, ಮಾಲೇಗಾವಿನ ಮಗ್ಗದವನಿಗೆ ಉರ್ದು. ‘ಚುಚ್ಚುವ ನೋವೋ, ಉರಿಯುವ ನೋವೋ, ಸೆಳೆಯುವ ನೋವೋ’ ಎಂಬುದರ ಮೇಲೆ ಮದ್ದು ನಿರ್ಧಾರವಾಗುತ್ತದೆ. ಉರಿಯುವ ನರದ ನೋವಿಗೆ ಬೇರೆ ಮಾತ್ರೆ, ಮೂಳೆಯ ನೋವಿಗೆ ಬೇರೆ. ಆ ಮಾತುಗಳು ಮನೆಯ ನುಡಿಯಲ್ಲಿ ಮಾತ್ರ ಸರಿಯಾಗಿ ಬರುತ್ತವೆ. ಬೆಳಗಾವಿ ಸೀಮೆಯಲ್ಲಿ ಕನ್ನಡ–ಮರಾಠಿಯ ನಡುವೆ ಓಡಾಡಿದ ನಮಗೆ ಇದು ಚೆನ್ನಾಗಿ ಗೊತ್ತು.

ದೊಡ್ಡವ್ವನ ಮನೆಗೆ ಕೊನೆಗೊಮ್ಮೆ ಒಬ್ಬ ನರ್ಸಮ್ಮ ಬಂದಳು. ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳಿದಳು. ದೊಡ್ಡವ್ವನಿಗೆ ಅದು ತಿಳಿಯಲಿಲ್ಲ, ನನ್ನ ಮುಖ ನೋಡಿದಳು. “ರೂಪಾಯಿಗೆ ಎಷ್ಟಾಣೆ ನೋವೈತಿ, ದೊಡ್ಡವ್ವ?” ಎಂದೆ. ಬಾಯಿ ಅರ್ಧ ಮಾತ್ರ ತೆರೆಯುತ್ತಿತ್ತು. “ಹದಿನಾರಾಣೆ, ತಮ್ಮಾ” ಅಂದಳು. ಮೂರು ತಿಂಗಳಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ತಪ್ಪು ಕಲ್ಪನೆ: ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ. ಅಲ್ಲದೆ ಅದು ಕಾನೂನುಬಾಹಿರ.

ವಾಸ್ತವ: ಒಂದೇ ವಾಕ್ಯದಲ್ಲಿ ಮೂರು ತಪ್ಪುಗಳು.

ಕ್ಯಾನ್ಸರ್ ನೋವಿಗೆ ವೈದ್ಯರು ಅಳತೆಯಲ್ಲಿ ಕೊಡುವ ಮಾರ್ಫಿನ್‌ನಿಂದ ಚಟ ಹತ್ತುವುದು ಅಪರೂಪ. ಸರಿಯಾದ ಅಳತೆಯಲ್ಲಿ ಕೊಟ್ಟರೆ ಆಯುಸ್ಸು ಮೊಟಕಾಗುವುದಿಲ್ಲ. ಬಾಯಿಂದ ನುಂಗುವ ಸಾದಾ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ತಾಸು. ಆದ್ದರಿಂದ ನೋವು ಬಂದಮೇಲೆ ಅಲ್ಲ, ಗಡಿಯಾರ ನೋಡಿ ನಾಲ್ಕು ತಾಸಿಗೊಮ್ಮೆ ಕೊಡಬೇಕು. ರಾತ್ರಿ ಮಲಗುವಾಗ ಎರಡು ಪಾಲು ಕೊಟ್ಟರೆ ರೋಗಿಯೂ ಮನೆಯವರೂ ನಡುರಾತ್ರಿ ಏಳಬೇಕಾಗಿಲ್ಲ. ಮೊದಲ ಎರಡು ಮೂರು ದಿನ ಮಂಪರು, ಓಕರಿಕೆ ಇರಬಹುದು, ಆಮೇಲೆ ಇಳಿಯುತ್ತದೆ. ಮಲಬದ್ಧತೆ ಮಾತ್ರ ಇಳಿಯುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಮಲ ಸಡಿಲಿಸುವ ಮದ್ದನ್ನೂ ಕೊಡಬೇಕು. ಅದನ್ನು ಮರೆತ ವೈದ್ಯರಿಂದಾಗಿಯೇ ಎಷ್ಟೋ ರೋಗಿಗಳು ಮಾರ್ಫಿನ್ ಬಿಟ್ಟುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಈ ಕ್ರಮವನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿಕೊಟ್ಟಿದೆ. ಅಗತ್ಯ ಔಷಧಗಳ ಅದರ ಪಟ್ಟಿಯಲ್ಲೂ ಮಾರ್ಫಿನ್ ಇದೆ. ಒಂದು ಮಾತ್ರೆಗೆ ಕೆಲವೇ ರೂಪಾಯಿ.

ಇನ್ನು ಕಾನೂನು. 1985ರಲ್ಲಿ ಮಾದಕವಸ್ತು ತಡೆ ಕಾಯ್ದೆ, ಎನ್‌ಡಿಪಿಎಸ್, ಬಂತು. ಒಂದು ಆಸ್ಪತ್ರೆ ಮಾರ್ಫಿನ್ ಇಟ್ಟುಕೊಳ್ಳಬೇಕಾದರೆ ಹಲವು ಇಲಾಖೆಗಳ ಹಲವು ಪರವಾನಗಿ ಬೇಕಾದವು, ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಲೆಕ್ಕದಲ್ಲಿ ಸಣ್ಣ ತಪ್ಪಾದರೂ ಜೈಲಿನ ಭಯ. ಅಂಗಡಿಯವರು ತರಿಸುವುದನ್ನೇ ಬಿಟ್ಟರು, ಹತ್ತು ಹನ್ನೆರಡು ವರ್ಷದಲ್ಲಿ ದೇಶದಲ್ಲಿ ಮಾರ್ಫಿನ್ ಬಳಕೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕುಸಿಯಿತು. ಆ ಹೊತ್ತಿನಲ್ಲಿ ವೈದ್ಯ ಶಿಕ್ಷಣ ಪಡೆದ ಒಂದು ಪೀಳಿಗೆಗೆ ಮಾರ್ಫಿನ್ ಬರೆಯುವುದನ್ನು ಯಾರೂ ಕಲಿಸಲೇ ಇಲ್ಲ. ಮಹಾರಾಷ್ಟ್ರದ ಪಕ್ಕದ ಮಧ್ಯಪ್ರದೇಶದ ನೀಮಚ್, ಮಂದಸೌರ್‌ಗಳಲ್ಲಿ ಸರ್ಕಾರದ ಅಪ್ಪಣೆಯಿಂದಲೇ ಅಫೀಮು ಬೆಳೆಯುತ್ತಾರೆ, ಅದು ಹೊರದೇಶಗಳ ಔಷಧ ಕಾರ್ಖಾನೆಗಳಿಗೂ ಹೋಗುತ್ತದೆ. ಅಲ್ಲಿಂದ ಒಂದೇ ದಿನದ ದಾರಿಯಾದ ನಾಸಿಕ್‌ನ ಗುಡ್ಡಗಳಲ್ಲಿ ಮುದುಕಿಯೊಬ್ಬಳು ನೋವಿನಿಂದ ಹಲ್ಲು ಕಚ್ಚಿಕೊಂಡು ಮಲಗಿದ್ದಾಳೆ. ಈ ಎರಡನ್ನೂ ಒಟ್ಟಿಗೆ ನೆನೆದಾಗ ನನಗೆ ಸಂಕಟವಾಗುತ್ತದೆ.

2014ರಲ್ಲಿ ಸಂಸತ್ತು ಆ ಕಾಯ್ದೆಯನ್ನು ತಿದ್ದಿತು. ಈಗ ಮಾರ್ಫಿನ್ ಸೇರಿ ಆರು ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ. ರಾಜ್ಯದ ಔಷಧ ನಿಯಂತ್ರಕರು ಮಾನ್ಯ ಮಾಡಿದ ಆಸ್ಪತ್ರೆ ಇವನ್ನು ತರಿಸಿಕೊಳ್ಳಬಹುದು. ನೋವು ನಿವಾರಣೆಯಲ್ಲಿ ತರಬೇತಾದ ಒಬ್ಬ ವೈದ್ಯರಿರಬೇಕು, ಲೆಕ್ಕ ಸರಿಯಾಗಿರಬೇಕು, ಅಷ್ಟೆ. ಕಾನೂನಿನ ಬಾಗಿಲು ತೆರೆದು ಹತ್ತು ವರ್ಷ ಕಳೆದಿದೆ. 2017ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗ ಲೆಕ್ಕ ಹಾಕಿದಾಗ ಭಾರತಕ್ಕೆ ಬೇಕಾದ ಇಂಥ ಔಷಧದಲ್ಲಿ ನೂರಕ್ಕೆ ನಾಲ್ಕು ಪಾಲು ಮಾತ್ರ ರೋಗಿಗಳಿಗೆ ತಲುಪುತ್ತಿತ್ತು. ಆ ನಾಲ್ಕರಲ್ಲಿ ಮಹಾನಗರಗಳ ಪಾಲು ತೆಗೆದರೆ ಸುರಗಾಣಾಕ್ಕೆ, ಮರಾಠವಾಡದ ಬೀಡಕ್ಕೆ ಎಷ್ಟು ಉಳಿದೀತು?

ತಪ್ಪು ಕಲ್ಪನೆ: ನಮ್ಮಲ್ಲಿ ಕೂಡುಕುಟುಂಬವಿದೆ. ಮನೆಯವರು ನೋಡಿಕೊಳ್ಳುತ್ತಾರೆ.

ವಾಸ್ತವ: ಮನೆಯವರು ಎಂದರೆ ಯಾರು? ಹೆಚ್ಚಿನ ಮನೆಗಳಲ್ಲಿ ಸೊಸೆ, ಇಲ್ಲವೇ ಹೆಂಡತಿ, ಇಲ್ಲವೇ ಶಾಲೆ ಬಿಡಿಸಿದ ಮಗಳು. ಗಂಡಸು ಮಲಗಿದರೆ ಹೆಂಗಸು ಕೂಲಿ ಬಿಟ್ಟು ಕೂರುತ್ತಾಳೆ. ಹೆಂಗಸು ಮಲಗಿದರೆ ಅವಳನ್ನು ನೋಡಲು ಯಾರಿದ್ದಾರೆ ಎಂದು ಹುಡುಕಬೇಕು. ಹೆಂಗಸಿನ ಕಾಯಿಲೆ ಆಸ್ಪತ್ರೆ ಮುಟ್ಟುವುದೂ ತಡವೇ, “ಇಷ್ಟರಲ್ಲೇ ಹಬ್ಬ, ಆಮೇಲೆ ನೋಡೋಣ” ಎಂದು ಅವಳೇ ಮುಂದೂಡುತ್ತಾಳೆ.

ಮರಾಠವಾಡದಲ್ಲಿ ‘ಮನೆ’ ಎನ್ನುವುದೇ ವರ್ಷದ ಆರು ತಿಂಗಳು ಇರುವುದಿಲ್ಲ. ಬೀಡ ಜಿಲ್ಲೆಯಿಂದ, ಸುತ್ತಲಿನ ಜಿಲ್ಲೆಗಳಿಂದ ಲಕ್ಷಗಟ್ಟಲೆ ಜನ ದಸರೆ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಹೊರಡುತ್ತಾರೆ. ಕೊಲ್ಹಾಪುರ, ಸಾಂಗಲಿಗೆ ಅಷ್ಟೇ ಅಲ್ಲ, ನಮ್ಮ ಬೆಳಗಾವಿ, ಬಾಗಲಕೋಟೆಗೂ ಬರುತ್ತಾರೆ. ನಮ್ಮೂರಿನ ಕಬ್ಬಿನ ಗದ್ದೆಯ ಅಂಚಿಗೆ ತಾಡಪತ್ರಿಯ ಗುಡಿಸಲು ಹಾಕಿಕೊಂಡವರನ್ನು ನಾವು ಹುಟ್ಟಿದಾಗಿನಿಂದ ನೋಡಿದ್ದೇವೆ. ಅವರಲ್ಲಿ ಗಂಡ ಹೆಂಡತಿಯ ಜೋಡಿಗೆ ‘ಕೋಯ್ತಾ’ ಎಂದೇ ಹೆಸರು, ಕೈಯಲ್ಲಿ ಹಿಡಿದ ಕುಡುಗೋಲಿನದೇ ಹೆಸರು ಮನುಷ್ಯರಿಗೂ ಬಂದಿದೆ. ಕೂಲಿಯವರನ್ನು ಕರೆತರುವ ಮುಕಾದಮನಿಂದ ಇಬ್ಬರಿಗೂ ಸೇರಿಸಿ ಮುಂಗಡ, ಅದಕ್ಕೆ ‘ಉಚಲ್’ ಅನ್ನುತ್ತಾರೆ. ಕೆಲಸ ತಪ್ಪಿಸಿದ ದಿನಕ್ಕೆ ‘ಖಾಡಾ’, ಅಂದರೆ ದಂಡ. ಒಬ್ಬರು ಮಲಗಿದರೆ ಜೋಡಿಯ ಲೆಕ್ಕವೇ ಮುರಿಯಿತು. ಆದ್ದರಿಂದ ಹೊಟ್ಟೆಯಲ್ಲಿ ಗಂಟು ಇಟ್ಟುಕೊಂಡೇ ಆಕೆ ಕಬ್ಬಿನ ಹೊರೆ ಹೊರುತ್ತಾಳೆ. ಊರಿನಲ್ಲಿ ಬಿಟ್ಟುಬಂದ ಮುದುಕ ಮುದುಕಿಯರ ಕಾಯಿಲೆಯನ್ನು ನೋಡಲು ಹತ್ತು ವರ್ಷದ ಮೊಮ್ಮಗಳಿರುತ್ತಾಳೆ. ಕಾಯಿಲೆ ನಮ್ಮ ಗದ್ದೆಯಲ್ಲಿ ಉಲ್ಬಣಿಸಿದರೆ ಕಾರ್ಡು ಮಹಾರಾಷ್ಟ್ರದ್ದು, ಆಶಾ ಕಾರ್ಯಕರ್ತೆ ಬೀಡದಲ್ಲಿ, ಆಸ್ಪತ್ರೆಯ ಫೈಲು ಸಂಭಾಜಿನಗರದಲ್ಲಿ. ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಅವರ ಹೆಸರೇ ಇಲ್ಲ. ಇದು ಮಹಾರಾಷ್ಟ್ರದ ವಿಷಯ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಮನೆಯ ಸಕ್ಕರೆಗಾಗಿ ಕಬ್ಬು ಕಡಿದವರು ಅವರು.

ತಪ್ಪು ಕಲ್ಪನೆ: ಇದಕ್ಕೆಲ್ಲ ದೊಡ್ಡ ಆಸ್ಪತ್ರೆ, ದೊಡ್ಡ ದುಡ್ಡು ಬೇಕು. ಬಡ ತಾಲೂಕುಗಳಲ್ಲಿ ಸಾಧ್ಯವಿಲ್ಲ.

ವಾಸ್ತವ: ಸಾಧ್ಯವಿದೆ ಎಂದು ತೋರಿಸಿದ್ದು ಇದೇ ನಾಸಿಕ್ ಜಿಲ್ಲೆ. 2012ರ ಸುಮಾರಿಗೆ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಹಳ್ಳಿಗಾಡಿನ ಉಪಶಾಮಕ ಆರೈಕೆಯ ಪ್ರಯೋಗಕ್ಕೆ ಮಹಾರಾಷ್ಟ್ರ ಆರಿಸಿಕೊಂಡದ್ದು ಇಗತ್‌ಪುರಿ ತಾಲೂಕನ್ನು. ಹೊಸ ಕಟ್ಟಡಕ್ಕಿಂತ ಅಲ್ಲಿ ನೆಚ್ಚಿಕೊಂಡದ್ದು ಊರಲ್ಲೇ ಇದ್ದ ಜನರನ್ನು: ಆಶಾ ಕಾರ್ಯಕರ್ತೆ, ದಾದಿ, ಆರೋಗ್ಯ ಕೇಂದ್ರದ ವೈದ್ಯರು. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಎಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಆಶಾಳಿಗೆ. 2012ರಲ್ಲೇ ಮಹಾರಾಷ್ಟ್ರ ತನ್ನ ಉಪಶಾಮಕ ಆರೈಕೆ ನೀತಿಯನ್ನೂ ಹೊರಡಿಸಿತು. ಕೇರಳದ ನಂತರ ನೀತಿ ಮಾಡಿದ ರಾಜ್ಯ ಅದು.

ಕೇರಳದ ದಾರಿ ಇನ್ನೂ ಹಳೆಯದು. 1993ರಲ್ಲಿ ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ನೋವು ಪರಿಹಾರದ ಸಣ್ಣ ಕೇಂದ್ರ ಶುರುಮಾಡಿದರು. ಅಲ್ಲಿಂದ ಊರೂರಿನ ಸ್ವಯಂಸೇವಕರ ಜಾಲ ಬೆಳೆಯಿತು, 2008ರಲ್ಲಿ ಸರ್ಕಾರದ ನೀತಿಯಾಯಿತು, ಗ್ರಾಮ ಪಂಚಾಯಿತಿಗಳೇ ದಾದಿಯ ಸಂಬಳಕ್ಕೆ ದುಡ್ಡು ತೆಗೆದಿಟ್ಟವು. ಮಂಜೇಶ್ವರ, ಕುಂಬಳೆ ಕಡೆಯ ಕನ್ನಡಿಗರ ಮನೆಗಳಿಗೂ ಪಂಚಾಯಿತಿಯ ದಾದಿ ಜೀಪಿನಲ್ಲಿ ಬರುತ್ತಾಳೆ. ನಮ್ಮ ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಟ್ರಸ್ಟಿನ ‘ಕರುಣಾಶ್ರಯ’ ಒಂದು ರೂಪಾಯಿ ತೆಗೆದುಕೊಳ್ಳದೆ ಕ್ಯಾನ್ಸರ್‌ನ ಕೊನೆಯ ಹಂತದವರನ್ನು ನೋಡಿಕೊಳ್ಳುತ್ತಾ ಬಂದಿದೆ. ಆದರೆ ಬೆಂಗಳೂರಿನಲ್ಲಿರುವುದು ನಿಪ್ಪಾಣಿಗೆ ಎಷ್ಟು ದೂರವೋ, ಮುಂಬೈನಲ್ಲಿರುವುದು ಪೇಠಕ್ಕೂ ಅಷ್ಟೇ ದೂರ. ಕಿಲೋಮೀಟರು ಬೇರೆಯಿರಬಹುದು, ಬಡವನ ಕಾಲಿಗೆ ಎರಡೂ ಒಂದೇ.

ದುಡ್ಡಿನ ಮಾತಿಗೆ ಒಂದೇ ಉದಾಹರಣೆ ಸಾಕು. ಒಡೆದ ಗೆಡ್ಡೆಯ ಗಾಯ ನಾರುತ್ತದೆ. ಆ ವಾಸನೆ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಅದು ಬಟ್ಟೆಗೆ, ಅನ್ನಕ್ಕೆ, ಗೋಡೆಗೆ ಹತ್ತುತ್ತದೆ. ನೆಂಟರು ಹೊಸಿಲಲ್ಲೇ ನಿಂತು ಮಾತಾಡಿಸಿ ಹೋಗುತ್ತಾರೆ. ರೋಗಿಯನ್ನು ಒಳಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ದನದ ಕೊಟ್ಟಿಗೆಗೆ ಸಾಗಿಸಿದ ಮನೆಗಳಿವೆ. ಮೊದಲೇ ಊರ ಹೊರಗೆ ಇಟ್ಟ ಜನರ ಕೇರಿಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ, ಸಾಗಿಸಲು ಇನ್ನೊಂದು ಕೋಣೆಯೂ ಇರುವುದಿಲ್ಲ. ಈ ವಾಸನೆಗೆ ಮದ್ದೇನು? ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆ, ಯಾವ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ಗಾಯವನ್ನು ಮೆಲ್ಲಗೆ ತೊಳೆದು, ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಉದುರಿಸಿ, ಶುಭ್ರ ಬಟ್ಟೆ ಮುಚ್ಚಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಮನೆಯವರು ಇದನ್ನು ನರ್ಸಿನ ಕೈಯಿಂದ ಒಮ್ಮೆ ನೋಡಿ ಕಲಿತರೆ ಆಮೇಲೆ ತಾವೇ ಮಾಡಿಕೊಳ್ಳುತ್ತಾರೆ.

ತಪ್ಪು ಕಲ್ಪನೆ: ಇದು ದಯಾಮರಣದ ಇನ್ನೊಂದು ಹೆಸರು.

ವಾಸ್ತವ: ಅಲ್ಲ. ಇಲ್ಲಿ ಸಾವನ್ನು ಬೇಗ ಕರೆಯುವುದೂ ಇಲ್ಲ, ಎಳೆದು ಹಿಗ್ಗಿಸುವುದೂ ಇಲ್ಲ. ವಾಸಿಯಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಂತ್ರಗಳ ಆಸರೆ ಬೇಡ ಎನ್ನುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರ ತೀರ್ಪಿನಲ್ಲಿ ಒಪ್ಪಿತು, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. ಕರ್ನಾಟಕ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಅದು ಬೇರೆಯದೇ ಪ್ರಶ್ನೆ. ಪಾಡಾದ ಮುದುಕನಿಗೆ ವೆಂಟಿಲೇಟರು ಬೇಕೋ ಬೇಡವೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಅವನಿಗೆ ಪ್ಯಾರಾಸಿಟಮಾಲ್‌ಗಿಂತ ಮೇಲಿನ ಮಾತ್ರೆಯೇ ಇನ್ನೂ ಸಿಕ್ಕಿಲ್ಲ.

ತಪ್ಪು ಕಲ್ಪನೆ: ನೀತಿ ಬಂದಿದೆ, ಯೋಜನೆ ಬಂದಿದೆ. ಇನ್ನು ತಾನಾಗಿಯೇ ಆಗುತ್ತದೆ.

ವಾಸ್ತವ: ರಾಷ್ಟ್ರೀಯ ಕಾರ್ಯಕ್ರಮ 2012ರದು. ಕರ್ನಾಟಕದ ನೀತಿ 2016ರದು. ಈಗಿನ ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ ಹನ್ನೆರಡು ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆ, ಉಪಶಾಮಕ ಆರೈಕೆ ಎರಡೂ ಸೇರಿವೆ. ಕಾಗದದ ಮೇಲೆ ಕೊರತೆಯಿಲ್ಲ. ಜಗತ್ತಿನ ಲೆಕ್ಕ ನೋಡಿದರೂ ವರ್ಷಕ್ಕೆ 5 ಕೋಟಿ 68 ಲಕ್ಷ ಜನರಿಗೆ ಈ ಆರೈಕೆ ಬೇಕು, ಸಿಗುತ್ತಿರುವುದು ನೂರಕ್ಕೆ ಸುಮಾರು 14 ಮಂದಿಗೆ. ಕೇಳಬೇಕಾದ ಪ್ರಶ್ನೆಗಳು ಸಣ್ಣವು, ಯಾವ ತಾಲೂಕಿನಲ್ಲೂ ಕೇಳಬಹುದಾದವು: ಈ ತಾಲೂಕು ಆಸ್ಪತ್ರೆಗೆ ಮಾರ್ಫಿನ್ ಮಾನ್ಯತೆ ಇದೆಯೇ? ಇದ್ದರೆ ಇವತ್ತು ಕಪಾಟಿನಲ್ಲಿ ಮಾತ್ರೆ ಇದೆಯೇ? ಮನೆಗೆ ಹೋಗುವ ದಾದಿಗೆ ವಾಹನ ವಾರಕ್ಕೆ ಎಷ್ಟು ದಿನ? ತರಬೇತಾದ ವೈದ್ಯರಿಗೆ ವರ್ಗವಾದರೆ ಬದಲಿಗೆ ಯಾರು? ಆಶಾ ಕಾರ್ಯಕರ್ತೆಗೆ ಮಲಗಿದ ರೋಗಿಯ ಮನೆಗೆ ಹೋದದ್ದಕ್ಕೆ ಏನಾದರೂ ಸಿಗುತ್ತದೆಯೇ, ಅಥವಾ ಅದೂ ಅವಳ ಪುಕ್ಕಟೆ ದುಡಿಮೆಯೇ?

ತಪ್ಪು ಕಲ್ಪನೆ: “ಇನ್ನೇನೂ ಮಾಡುವಂತಿಲ್ಲ.”

ವಾಸ್ತವ: ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಗೆಡ್ಡೆಯನ್ನು ಏನೂ ಮಾಡುವಂತಿರಲಿಲ್ಲ, ಆ ಮಾತು ನಿಜ. ಆದರೆ ದೊಡ್ಡವ್ವನಿಗೆ ಮಾಡಬಹುದಾದದ್ದು ಬಹಳವಿತ್ತು. ಆ ನರ್ಸಮ್ಮ ಬಂದದ್ದು ಅವಳು ತೀರಿಕೊಳ್ಳುವ ಮೂರು ವಾರದ ಮುಂಚೆ. ಯಾರೋ ಹೇಳಿದ್ದನ್ನು ಕೇಳಿ, ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದಳು. ಮಾರ್ಫಿನ್ ಮಾತ್ರೆ, ಜೊತೆಗೆ ಮಲ ಸಡಿಲಿಸುವ ಮದ್ದು. ಬಾಯಿ ತೊಳೆಯಲು ಸೋಡಾ ಬೆರೆಸಿದ ನೀರು. ತುಟಿಗೆ ತುಪ್ಪ. ಕುಟ್ಟಾಣಿಯಲ್ಲಿ ಮಾತ್ರೆ ಪುಡಿ ಮಾಡಿ ಗಾಯದ ಮೇಲೆ ಉದುರಿಸುವುದನ್ನು ಅಣ್ಣನ ಹೆಂಡತಿ ವೈನಿಗೆ ತೋರಿಸಿಕೊಟ್ಟಳು. ಉಸಿರು ಕಟ್ಟಿದ ಹಾಗಾದಾಗ ಮುಖಕ್ಕೆ ಬೀಸಣಿಗೆ ಹಿಡಿಯಿರಿ, ಗಾಳಿ ಕೆನ್ನೆಗೆ ತಾಗಲಿ ಅಂದಳು. ಇಷ್ಟೇ ಅವಳು ಚೀಲದಲ್ಲಿ ಹೊತ್ತು ತಂದದ್ದು.

ನಾಲ್ಕನೆಯ ದಿನ ವಾಸನೆ ಇಳಿಯಿತು. ಅಷ್ಟು ದಿನ ಪಕ್ಕದ ಮನೆಯಲ್ಲಿ ಉಣ್ಣುತ್ತಿದ್ದ ಮೊಮ್ಮಗ ತಟ್ಟೆ ಹಿಡಿದುಕೊಂಡು ಬಂದು ಅಜ್ಜಿಯ ಹಾಸಿಗೆಯ ಪಕ್ಕ ಕೂತ. ದೊಡ್ಡವ್ವ ಅವನ ತಲೆ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ನಾನು ಕೇಳಿದೆ, ಈಗ ಎಷ್ಟಾಣೆ ಎಂದು.

“ನಾಕಾಣೆ” ಅಂದಳು. “ತಮ್ಮಾ, ಆ ಕಿಡಕಿ ತೆಗಿ. ಬೆಳಕ ಬರಲಿ.”